ಗುರುವಾರದ ಇಸ್ತ್ರಿ

ರುವಿಯ ಹಿಂದಿನ ಓಣಿ, ಬಸ್ಸು ನಿಲ್ಲುವ ಕಡೆಯಿಂದ ಮೂರನೆಯ ಶಟರು.
ಹಗಲಿಡೀ ದಿಶ್ದಾಶಗಳು, ಎಲ್ಲ ಬಿಳಿ, ಎಲ್ಲ ಗಂಜಿ;
ಕೊರಳಲ್ಲಿ ತೂಗುವ ಪುಟ್ಟ ಗೊಂಡೆಗೆ ಮಾತ್ರ
ಒಗೆದ ಮೇಲೂ ಯಾರದೋ ಅತ್ತರಿನ ನೆನಪು.

ಗುರುವಾರ ರಾತ್ರಿ ಹತ್ತಕ್ಕೆ, ಲೆಕ್ಕದ ಅಂಗಿಗಳು ಮುಗಿದ ಮೇಲೆ
ಕೆಳಗಿನ ಗೂಡಿನಿಂದ ಒಂದು ಚೀಲ ತೆಗೆಯುತ್ತೇನೆ.
ಅದಕ್ಕೆ ಚೀಟಿಯಿಲ್ಲ, ನಂಬರಿಲ್ಲ.
ಸಭೆಯ ಅಯ್ಯನವರ ನಿಲುವಂಗಿ.

ಹಂಝ ಕ್ಯಾಲ್ಕುಲೇಟರಿನಿಂದ ತಲೆಯೆತ್ತುತ್ತಾನೆ:
"ಒಂದು ಅಂಗಿಗೆ ಅರ್ಧ ಗಂಟೆಯಾ, ಜಯವಂತಾ?"
ಇಶಾದ ಬಾಂಗಿಗೆ ಅವನು ಚಾಪೆ ಬಿಡಿಸುವಾಗ
ನಾನು ಹಬೆಯ ಸದ್ದು ತಗ್ಗಿಸುತ್ತೇನಲ್ಲ,
ಅದು ನೆನಪಾಗಿ ಮತ್ತೆ ಲೆಕ್ಕಕ್ಕೆ ಬಾಗುತ್ತಾನೆ.

ಮೊದಲು ಕೊರಳು.
ಕರ್ತನೇ, ಈ ಗಂಟಲನ್ನು ಕಾಯಿ.
ನಾಳೆ ತೆಲುಗಿನವರು ಎದ್ದು, ಮಲಯಾಳದವರು ಬರುವ ನಡುವೆ
ನಮಗೆ ಸಿಕ್ಕುವುದು ಒಂದೂವರೆ ಗಂಟೆ.
ಮೈಕು ಕೈಕೊಟ್ಟರೂ ಹಿಂದಿನ ಬೆಂಚಿಗೆ ಮುಟ್ಟಬೇಕು;
ಅಲ್ಲಿ ಕೂರುವವರೇ ರಾತ್ರಿಪಾಳಿಯಿಂದ ನೇರ ಬಂದವರು.

ಆಮೇಲೆ ತೋಳು.
ಎಡತೋಳಿನ ಅಂಚು ಸದಾ ನೀಲಿ. ಅವರು ಎಡಚರು,
ರಿಜಿಸ್ಟರಿನಲ್ಲಿ ತಾವು ಬರೆದದ್ದನ್ನು ತಾವೇ ಒರಸುತ್ತಾ ಹೋಗುವವರು.
ನಿಂಬೆಹುಳಿಗೂ ಪೂರ್ತಿ ಬಿಡುವುದಿಲ್ಲ ಆ ಕಲೆ.
ಮದುವೆಗೆ, ದೀಕ್ಷಾಸ್ನಾನಕ್ಕೆ, ಊರಿಗೆ ಹೊರಟ ಪೆಟ್ಟಿಗೆಗಳಿಗೆ
ಸಹಿ ಹಾಕಿದ ಕೈ. ನಡುಗದಿರಲಿ.

ನಡು. ಇಲ್ಲಿ ಇಸ್ತ್ರಿ ತಾನಾಗಿ ನಿಧಾನ.
ಈಸ್ಟರಿನಿಂದೀಚೆಗೆ ಸೊಂಟಪಟ್ಟಿಯ ಗಂಟಿನ ಗುರುತು
ಎರಡು ಬೆರಳು ಒಳಗೆ ಸರಿದಿದೆ.
ಅವರು ಯಾರಿಗೂ ಹೇಳಿಲ್ಲ. ನಾನೂ ಹೇಳಿಲ್ಲ.
ನಿನಗೆ ಹೇಳುತ್ತಿದ್ದೇನೆ.

ಮೊದಲು ಹೀಗಿರಲಿಲ್ಲ ನಾನು.
ಹಿಂದಿನ ಅಯ್ಯನವರ ಕಾಲಕ್ಕೆ ಕಾಣಿಕೆಯ ಲೆಕ್ಕದಲ್ಲಿ
ನಾನೂರ ಹನ್ನೊಂದು ರಿಯಾಲು ಹೊಂದಲಿಲ್ಲ.
ಕೋಣೆಯಲ್ಲಿ ಆರು ಮಂಚ, ಆರು ಬಾಯಿ;
ಮೀನು ಹುರಿಯುತ್ತಾ ಅವರನ್ನೂ ಹುರಿದೆವು.
ಒಂದು ಶುಕ್ರವಾರ ಅವರು ಬರಲಿಲ್ಲ. ವಿಮಾನದ ಟಿಕೇಟು ಹೋಗುವುದಕ್ಕೆ ಮಾತ್ರ.
ಆಮೇಲೆ ಬ್ಯಾಂಕಿನ ರಸೀದಿ ಸಿಕ್ಕಿತು ಎಂದರು,
ಸಿಗಲೇ ಇಲ್ಲ ಎಂದೂ ಅಂದರು.
ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು:
ಅವರ ಬಗ್ಗೆ ಎರಡು ವರ್ಷ ಮಾತಾಡಿದೆ,
ಅವರಿಗಾಗಿ ಎರಡು ಮಾತು ಆಡಲಿಲ್ಲ.

ಈಗಲೂ ಎಲ್ಲ ವಾರ ಮನಸ್ಸು ಬರುತ್ತದೆಂದಲ್ಲ.
ಜುಲೈಯಲ್ಲಿ ಏಸಿ ಕೆಟ್ಟ ವಾರ
ಬಾಯಿಗೆ ಬಂದದ್ದು ಬರೀ ಹೆಸರುಗಳು:
ಸಾಲಿನ್ಸ್ ಅಯ್ಯ.
ಕಾರ್ಯದರ್ಶಿ ಪ್ರಮೀಳಕ್ಕ, ನನ್ನೊಡನೆ ಮಾತು ಬಿಟ್ಟವರು.
ಊರಿನ ಬಿಷಪರು, ನಾನು ಕಂಡದ್ದು ಕ್ಯಾಲೆಂಡರಿನಲ್ಲಿ, ಮಾರ್ಚಿನ ಮೇಲೆ.
ಮನಸ್ಸು ಕಾಯದಿದ್ದರೂ ಇಸ್ತ್ರಿ ಕಾಯುತ್ತದೆ;
ಕಾದದ್ದನ್ನು ಸುಮ್ಮನೆ ಇಡಬಾರದು,
ನಿಂತಲ್ಲೇ ಸುಡುತ್ತದೆ.

ಕೊನೆಗೆ ಕಿಸೆ.
ಒಗೆಯುವ ಮುಂಚೆ ನೋಡಬೇಕಿತ್ತು, ಈ ಸಲ ಮರೆತೆ.
ಮಡಚಿದ ಕಾಗದವೊಂದು ನೀರುಂಡು, ಒಣಗಿ,
ಬಟ್ಟೆಗೆ ಬಟ್ಟೆಯಾಗಿ ಅಂಟಿತ್ತು.
ಅಯ್ಯನವರ ಪ್ರಾರ್ಥನೆಯ ಪಟ್ಟಿ ಇರಬಹುದು, ಅದರಲ್ಲಿ ನನ್ನ ಹೆಸರೂ...
ಆಸೆ. ನಿನ್ನೆದುರು ಮುಚ್ಚಿಟ್ಟು ಫಲವೇನು.

ಹರಡಿದ ನೀಲಿಯಲ್ಲಿ ಇದ್ದದ್ದು:
ಬೆಳ್ಳುಳ್ಳಿ. ಬಲ್ಬು. ಬಂಗುಡೆ ಸಿಕ್ಕರೆ ಅರ್ಧ ಕೆಜಿ.
ಸ್ಕ್ಯಾನಿಂಗ್, ಭಾನುವಾರ ಎಂಟೂವರೆ, ಖಾಲಿಹೊಟ್ಟೆ.
(ಯಾವ ಭಾನುವಾರವೋ.)
ತಬಿತಾಳ ಫೀಸು, ಮುಂದಿನ ತಿಂಗಳು ಎಂದು ಹೇಳುವುದು.

ಹಂಝ ದೀಪ ಆರಿಸಲು ಕಾಯುತ್ತಿದ್ದ.
ಪ್ಲಗ್ಗು ಕಿತ್ತೆ.
ಬಿಸಿ ಇನ್ನೂ ಉಳಿದಿದ್ದ ಬಟ್ಟೆಯ ಮೇಲೆ ಅಂಗೈ ಇಟ್ಟು
ಮೇಲಿನಿಂದ ಕೆಳಕ್ಕೆ, ಒಂದನ್ನೂ ಬಿಡದೆ ಓದಿದೆ.
ಬೆಳ್ಳುಳ್ಳಿಗೂ ಆಮೆನ್ ಅಂದೆ.